ಆನ್‌ಲೈನ್ ಅರ್ಜಿಯೊಂದಿಗೆ ದೊಡ್ಡ ಗಾತ್ರದ ದಾಖಲೆಗಳನ್ನು ಸಲ್ಲಿಸುವ ಬಗ್ಗೆ ಅರ್ಜಿದಾರರಿಗೆ ಮಾಹಿತಿ

ಇಲಾಖೆಯ ಸೇವೆಗಳನ್ನು ಕೋರಿ ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವ ಸಾರ್ವಜನಿಕರು ನಮೂನೆ ಭರ್ತಿ ಮಾಡುವಾಗ ಎದುರಿಸುವ ತೊಂದರೆಗಿಂತ ದಾಖಲೆಗಳನ್ನು ಲಗತ್ತಿಸುವಾಗ ಎದುರಿಸುವ ತೊಂದರೆಯೇ ಹೆಚ್ಚು. ಕಡತದ ಗಾತ್ರ ಮಿತಿ ಮೀರಿದೆ ಎಂಬ ಸಂದೇಶ ಬರುತ್ತದೆ. ಇಲ್ಲವೇ ಅಪ್‌ಲೋಡ್ ಅರ್ಧಕ್ಕೆ ನಿಲ್ಲುತ್ತದೆ. ಕೆಲವೊಮ್ಮೆ ಯಾವ ಸಂದೇಶವೂ ಇಲ್ಲದೆ ಖಾಲಿ ಪುಟ ತೆರೆದುಕೊಳ್ಳುತ್ತದೆ. ಇದರಿಂದ ಬೇಸತ್ತು, ಗಾತ್ರ ಕುಗ್ಗಿಸುವ ಆತುರದಲ್ಲಿ ದಾಖಲೆಯನ್ನು ಓದಲಾಗದಷ್ಟು ಮಸುಕಾಗಿಸಿ ಸಲ್ಲಿಸಿದರೆ ಗಣಕಯಂತ್ರವು ಅದನ್ನು ಸ್ವೀಕರಿಸುತ್ತದೆ, ಆದರೆ ಪರಿಶೀಲನಾಧಿಕಾರಿಯು ಹಿಂದಿರುಗಿಸುತ್ತಾರೆ. ಈ ಎರಡು ತೊಂದರೆಗಳಲ್ಲಿ ಎರಡನೆಯದೇ ಅರ್ಜಿದಾರರಿಗೆ ಹೆಚ್ಚು ನಷ್ಟವನ್ನು ಉಂಟುಮಾಡುತ್ತದೆ. ವಿಷಯ ತಿಳಿಯುವ ವೇಳೆಗೆ ಅರ್ಜಿಯ ಕೊನೆಯ ದಿನಾಂಕ ಕಳೆದುಹೋಗಿರಬಹುದು.

ಮಿತಿಯೊಳಗಿನ ಗಾತ್ರದಲ್ಲಿಯೇ ಸ್ಪಷ್ಟವಾಗಿ ಓದಬಲ್ಲ ದಾಖಲೆಯನ್ನು ತಯಾರಿಸಲು ಸಾಧ್ಯವಿದೆ. ಆದರೆ ಅದು ಸ್ಕ್ಯಾನ್ ಮಾಡುವ ಹೊತ್ತಿಗೇ ನಿರ್ಧಾರವಾಗುವ ವಿಷಯವೇ ಹೊರತು ಸ್ಕ್ಯಾನ್ ಆದ ಮೇಲೆ ಕುಗ್ಗಿಸಿ ಸರಿಪಡಿಸುವ ವಿಷಯವಲ್ಲ. ಸಾರ್ವಜನಿಕರ ಅವಗಾಹನೆಗಾಗಿ ಅಗತ್ಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

ಕಡತದ ಗಾತ್ರ

ಗಣಕಯಂತ್ರದಲ್ಲಿ ಕಡತದ ಗಾತ್ರವನ್ನು ಕಿಲೋಬೈಟ್ ಮತ್ತು ಮೆಗಾಬೈಟ್‌ಗಳಲ್ಲಿ, ಸಂಕ್ಷಿಪ್ತವಾಗಿ ಕೆಬಿ ಮತ್ತು ಎಂಬಿಗಳಲ್ಲಿ, ಅಳೆಯಲಾಗುತ್ತದೆ. 1024 ಕೆಬಿ ಸೇರಿದರೆ 1 ಎಂಬಿ. ಮಿತಿ 500 ಕೆಬಿ ಎಂದಿರುವಲ್ಲಿ 5 ಎಂಬಿ ಕಡತವನ್ನು ಲಗತ್ತಿಸಲು ಪ್ರಯತ್ನಿಸಿ, ಸಂಖ್ಯೆ ಚಿಕ್ಕದಿದ್ದರೂ ಏಕೆ ತಿರಸ್ಕೃತವಾಯಿತು ಎಂದು ವಿಚಾರಿಸುವವರಿದ್ದಾರೆ. 5 ಎಂಬಿ ಎಂಬುದು 500 ಕೆಬಿಗಿಂತ ಹತ್ತು ಪಟ್ಟು ದೊಡ್ಡದು.

ಒಂದು ಹಾಳೆಯ ಚಿತ್ರ ಎಷ್ಟು ದೊಡ್ಡದಾಗುತ್ತದೆ ಎಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ಪ್ರತಿ ಅಂಗುಲಕ್ಕೆ ಎಷ್ಟು ಚುಕ್ಕೆಗಳನ್ನು ಓದಲಾಗುತ್ತದೆ ಎಂಬುದು. ಇದನ್ನು ಡಿಪಿಐ ಎನ್ನುತ್ತಾರೆ. ಇನ್ನೊಂದು, ಪ್ರತಿ ಚುಕ್ಕೆಯ ಬಣ್ಣವನ್ನು ದಾಖಲಿಸಲು ಎಷ್ಟು ಜಾಗ ಬೇಕು ಎಂಬುದು. ಎ4 ಹಾಳೆಯೊಂದನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 2480, ಉದ್ದದಲ್ಲಿ 3508, ಒಟ್ಟು ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದಲ್ಲಾದರೆ ಪ್ರತಿ ಚುಕ್ಕೆಗೆ 3 ಬೈಟ್‌ಗಳಂತೆ, ಸಂಕುಚಿತಗೊಳಿಸುವ ಮೊದಲು ಸುಮಾರು 25 ಎಂಬಿ ಆಗುತ್ತದೆ. ಬೂದು ವರ್ಣದಲ್ಲಿ ಅದರ ಮೂರನೆಯ ಒಂದು ಭಾಗ, ಅಂದರೆ ಸುಮಾರು 8 ಎಂಬಿ. ಬರಿಯ ಕಪ್ಪು-ಬಿಳುಪಿನಲ್ಲಿ ಸುಮಾರು 1 ಎಂಬಿ ಮಾತ್ರ. ಡಿಪಿಐಯನ್ನು 600ಕ್ಕೆ ಏರಿಸಿದರೆ ಗಾತ್ರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಅದೇ ಹಾಳೆ ಬಣ್ಣದಲ್ಲಿ 100 ಎಂಬಿ ತಲುಪುತ್ತದೆ. ಜೆಪೆಗ್ ಅಥವಾ ಪಿಡಿಎಫ್ ರೂಪದಲ್ಲಿ ಉಳಿಸುವಾಗ ತಂತ್ರಾಂಶವು ಇದನ್ನು ಬಹಳಷ್ಟು ಕುಗ್ಗಿಸುತ್ತದೆಯಾದರೂ ಆರಂಭದ ಗಾತ್ರ ದೊಡ್ಡದಿದ್ದಷ್ಟೂ ಅಂತಿಮ ಗಾತ್ರವೂ ದೊಡ್ಡದೇ ಆಗುತ್ತದೆ.

ಮಿತಿಯನ್ನು ಏಕೆ ವಿಧಿಸಲಾಗಿದೆ

ಜಾಲತಾಣದ ನಮೂನೆಯ ಮೂಲಕ ಕಡತ ಕಳುಹಿಸುವ ವಿಧಾನವನ್ನು 1995ರ ನವೆಂಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1867 ಎಂಬ ತಾಂತ್ರಿಕ ದಾಖಲೆಯಲ್ಲಿ ನಿರೂಪಿಸಲಾಯಿತು. ಇಂದಿಗೂ ಬಹುತೇಕ ಜಾಲತಾಣಗಳು ಮೂಲತಃ ಅದೇ ವಿಧಾನವನ್ನು ಅನುಸರಿಸುತ್ತಿವೆ. ಅರ್ಜಿಯಲ್ಲಿ ತುಂಬಿದ ಹೆಸರು, ವಿಳಾಸ ಮತ್ತು ಲಗತ್ತಿಸಿದ ಎಲ್ಲ ಕಡತಗಳು ಒಂದೇ ಮೂಟೆಯಾಗಿ ಒಂದೇ ಬಾರಿಗೆ ಸರ್ವರ್‌ಗೆ ಹೋಗುತ್ತವೆ. ಮೂಟೆ ದಾರಿಯಲ್ಲಿ ಒಂದಕ್ಕಿಂತ ಹೆಚ್ಚು ದ್ವಾರಗಳನ್ನು ದಾಟಬೇಕಾಗುತ್ತದೆ ಮತ್ತು ಪ್ರತಿ ದ್ವಾರಕ್ಕೂ ಅದರದೇ ಮಿತಿ ಇರುತ್ತದೆ. ವ್ಯಾಪಕವಾಗಿ ಬಳಕೆಯಲ್ಲಿರುವ ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶದಲ್ಲಿ ಬದಲಾಯಿಸದ ಹೊರತು ಈ ಮಿತಿ 1 ಎಂಬಿ. ಪಿಎಚ್‌ಪಿ ತಂತ್ರಾಂಶದಲ್ಲಿ ಒಂದು ಕಡತಕ್ಕೆ 2 ಎಂಬಿ, ಇಡೀ ಮೂಟೆಗೆ 8 ಎಂಬಿ. ನಿರ್ವಾಹಕರು ಇವನ್ನು ಅಗತ್ಯಕ್ಕೆ ತಕ್ಕಂತೆ ಹೆಚ್ಚಿಸುತ್ತಾರೆ. ಆದರೆ ಎಲ್ಲ ದ್ವಾರಗಳಲ್ಲಿ ಅತಿ ಚಿಕ್ಕದು ಯಾವುದೋ ಅದೇ ಅಂತಿಮ ಮಿತಿಯಾಗುತ್ತದೆ.

ಪ್ರತಿಯೊಂದು ಕಡತವೂ ಮಿತಿಯೊಳಗಿದ್ದರೂ ಅರ್ಜಿ ತಿರಸ್ಕೃತವಾಗುವುದಕ್ಕೆ ಇದೇ ಕಾರಣವಿರಬಹುದು. ತಲಾ 2 ಎಂಬಿಯ ಐದು ದಾಖಲೆಗಳು ಸೇರಿದರೆ 10 ಎಂಬಿ. ಇಡೀ ಮೂಟೆಯ ಮಿತಿ 8 ಎಂಬಿ ಆಗಿದ್ದಲ್ಲಿ ಅದು ಒಳಹೋಗದು. ಪಿಎಚ್‌ಪಿ ಬಳಸುವ ಜಾಲತಾಣಗಳಲ್ಲಿ ಹೀಗಾದಾಗ ಕಡತಗಳಷ್ಟೇ ಅಲ್ಲದೆ ನಮೂನೆಯಲ್ಲಿ ತುಂಬಿದ ವಿವರಗಳೂ ಸರ್ವರ್‌ಗೆ ಖಾಲಿಯಾಗಿ ಕಾಣುತ್ತವೆ. ಆಗ ಪರದೆಯ ಮೇಲೆ "ಅರ್ಜಿದಾರರ ಹೆಸರು ಕಡ್ಡಾಯ" ಎಂಬಂಥ ಸಂದೇಶ ಬರಬಹುದು. ಹೆಸರನ್ನು ಸರಿಯಾಗಿಯೇ ಬರೆದಿದ್ದವರು ಗೊಂದಲಗೊಂಡು ಮತ್ತೆ ಮತ್ತೆ ಹೆಸರನ್ನೇ ಬರೆಯುತ್ತಾರೆ. ಇದು ಅರ್ಜಿದಾರರ ತಪ್ಪಲ್ಲ, ಸಂದೇಶದ ತಪ್ಪು. ಇಂಥ ಸಂದರ್ಭದಲ್ಲಿ ಲಗತ್ತುಗಳ ಒಟ್ಟು ಗಾತ್ರವನ್ನು ಕಡಿಮೆ ಮಾಡಿ ಪ್ರಯತ್ನಿಸತಕ್ಕದ್ದು.

ಮಿತಿಯಿಂದ ಆಗುವ ಉಳಿತಾಯವೂ ಗಣನೀಯವಾದುದು. ಉದಾಹರಣೆಗೆ ಹತ್ತು ಸಾವಿರ ಅರ್ಜಿದಾರರು ತಲಾ ಆರು ದಾಖಲೆಗಳನ್ನು 5 ಎಂಬಿ ಗಾತ್ರದಲ್ಲಿ ಸಲ್ಲಿಸಿದರೆ ಸುಮಾರು 300 ಜಿಬಿ ಸಂಗ್ರಹವಾಗುತ್ತದೆ. 300 ಕೆಬಿ ಗಾತ್ರದಲ್ಲಿ ಸಲ್ಲಿಸಿದರೆ ಸುಮಾರು 18 ಜಿಬಿ. ಕೊನೆಯ ದಿನದ ಸಂಜೆ ಎಲ್ಲರೂ ಒಟ್ಟಿಗೆ ಕಳುಹಿಸುವಾಗ ಈ ವ್ಯತ್ಯಾಸವೇ ಜಾಲತಾಣ ನಿಲ್ಲುವುದಕ್ಕೂ ನಡೆಯುವುದಕ್ಕೂ ಇರುವ ವ್ಯತ್ಯಾಸವಾಗಬಹುದು.

ಅಪ್‌ಲೋಡ್ ನಡುವೆ ನಿಂತುಹೋಗುವುದು

ದೇಶದಲ್ಲಿ ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಬೇಕಾದ ಕನಿಷ್ಠ ವೇಗವನ್ನು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂದು ನಿಗದಿಪಡಿಸಲಾಗಿತ್ತು. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಲಾಯಿತು. ಇದು ಮಾಹಿತಿಯನ್ನು ಪಡೆಯುವ ವೇಗ. ಮಾಹಿತಿಯನ್ನು ಕಳುಹಿಸುವ ವೇಗ ಅನೇಕ ಸಂಪರ್ಕಗಳಲ್ಲಿ ಇದಕ್ಕಿಂತ ಕಡಿಮೆ ಇರುತ್ತದೆ. ಚಲನಚಿತ್ರ ಸರಾಗವಾಗಿ ಕಾಣುವ ಮೊಬೈಲ್‌ನಲ್ಲಿಯೇ ದಾಖಲೆ ಕಳುಹಿಸುವಾಗ ತಡವಾಗಲು ಇದೇ ಕಾರಣ. ಕಳುಹಿಸುವ ವೇಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದಲ್ಲಿ 10 ಎಂಬಿ ಕಡತಕ್ಕೆ ಐದು ನಿಮಿಷಕ್ಕೂ ಹೆಚ್ಚು ಕಾಲ ಬೇಕು. 300 ಕೆಬಿ ಕಡತಕ್ಕೆ ಹತ್ತು ಸೆಕೆಂಡು ಸಾಕು.

ಆ ಐದು ನಿಮಿಷಗಳಲ್ಲಿ ಸಂಪರ್ಕ ಒಮ್ಮೆ ಕಡಿದರೂ ಮೇಲೆ ಹೇಳಿದ ಮೂಟೆ ಪೂರ್ತಿಯಾಗಿ ವ್ಯರ್ಥವಾಗುತ್ತದೆ, ಶೇ. 95ರಷ್ಟು ಹೋಗಿದ್ದರೂ ಮತ್ತೆ ಮೊದಲಿನಿಂದಲೇ ಆರಂಭಿಸಬೇಕು. ಆದುದರಿಂದ ಬಸ್ಸಿನಲ್ಲಿ ಪ್ರಯಾಣಿಸುವಾಗ ಮೊಬೈಲ್‌ನಿಂದ ದೊಡ್ಡ ಕಡತ ಕಳುಹಿಸುವುದು ಸೂಕ್ತವಲ್ಲ. ಅಲ್ಲದೆ ಸುರಕ್ಷತೆಯ ದೃಷ್ಟಿಯಿಂದ ಲಾಗಿನ್ ಆದ ಅವಧಿಗೂ ಮಿತಿ ಇರುತ್ತದೆ. ನಮೂನೆಯನ್ನು ತೆರೆದಿಟ್ಟು ದಾಖಲೆ ಹುಡುಕಲು ಹೋದರೆ ಹಿಂದಿರುಗುವ ವೇಳೆಗೆ ಅವಧಿ ಮುಗಿದಿರುತ್ತದೆ. ಎಲ್ಲ ದಾಖಲೆಗಳನ್ನು ಮೊದಲೇ ಸಿದ್ಧಪಡಿಸಿಕೊಂಡು ಅನಂತರ ಲಾಗಿನ್ ಆಗತಕ್ಕದ್ದು.

ಸ್ಕ್ಯಾನ್ ಮಾಡುವ ಕ್ರಮ

ಸ್ಪಷ್ಟವಾಗಿ ಮುದ್ರಿತವಾದ ಅಥವಾ ಬೆರಳಚ್ಚಾದ ದಾಖಲೆಗೆ ಬೂದು ವರ್ಣದಲ್ಲಿ 200 ಡಿಪಿಐ ಸಾಕಾಗುತ್ತದೆ. ಕೈಬರಹದ ಹಳೆಯ ಪಹಣಿ, ಕ್ರಯಪತ್ರ, ಜನನ ನೋಂದಣಿ ಪುಸ್ತಕದ ಪುಟ ಮೊದಲಾದವುಗಳಿಗೆ 300 ಡಿಪಿಐ ಬಳಸುವುದು ಒಳಿತು. ಇಂಗ್ಲಿಷ್ ದಾಖಲೆಗಳನ್ನು ಕುರಿತ ಸಲಹೆಗಳನ್ನು ಕನ್ನಡ ದಾಖಲೆಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಮೂಲಾಕ್ಷರಕ್ಕಿಂತ ಚಿಕ್ಕದಾಗಿರುತ್ತವೆ. ದ ಮತ್ತು ಧ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಮಾತ್ರ. ಚಿತ್ರ ಮಸುಕಾದಾಗ ಮೊದಲು ಅಳಿಯುವುದು ಇವೇ. ಒಂದು ದಾಖಲೆಯಲ್ಲಿ ಸಿದ್ದಪ್ಪ, ಇನ್ನೊಂದರಲ್ಲಿ ಸಿದ್ಧಪ್ಪ ಎಂದು ಕಂಡರೆ ಪರಿಶೀಲನಾಧಿಕಾರಿಯು ಹೆಸರಿನ ವ್ಯತ್ಯಾಸಕ್ಕೆ ವಿವರಣೆ ಕೇಳಬಹುದು. ಹಳೆಯ ದಾಖಲೆಗಳಲ್ಲಿ ಸರ್ವೆ ನಂಬರ್‌ಗಳು ಕನ್ನಡ ಅಂಕಿಗಳಲ್ಲಿಯೇ ಇರುವುದುಂಟು. ಮಸುಕಾದ ಪ್ರತಿಯಲ್ಲಿ ೩, ೬ ಮತ್ತು ೯ ಒಂದಕ್ಕೊಂದು ಬೆರೆತು ಕಾಣುತ್ತವೆ. ಸರ್ವೆ ನಂಬರ್‌ನ ಒಂದು ಅಂಕಿ ತಪ್ಪಾದರೆ ಅದು ಬೇರೊಬ್ಬರ ಜಮೀನು.

ಬರಿಯ ಕಪ್ಪು-ಬಿಳುಪು ಆಯ್ಕೆಯಿಂದ ಗಾತ್ರ ಬಹಳ ಕಡಿಮೆಯಾಗುತ್ತದೆ. ಮುದ್ರಿತ ಪುಟವೊಂದು ಕೆಲವು ಹತ್ತು ಕೆಬಿಗಳಿಗೆ ಇಳಿಯುತ್ತದೆ. ಆದರೆ ಈ ಆಯ್ಕೆಯಲ್ಲಿ ಪ್ರತಿ ಚುಕ್ಕೆಯೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿ ಆಗಲೇಬೇಕಾಗಿರುವುದರಿಂದ ತೆಳುವಾದ ಶಾಯಿ, ಪೆನ್ಸಿಲ್ ಬರಹ ಮತ್ತು ಕಚೇರಿಯ ನೇರಳೆ ಮೊಹರು ಮಾಯವಾಗುತ್ತವೆ. ಮೊಹರು ಕಾಣದ ಪ್ರಮಾಣಪತ್ರವನ್ನು ಪರಿಶೀಲನೆಯಲ್ಲಿ ಒಪ್ಪಲಾಗದು. ಬಣ್ಣದ ಆಯ್ಕೆಯು ಭಾವಚಿತ್ರಕ್ಕೆ ಮತ್ತು ಬಣ್ಣದಿಂದಲೇ ಗಡಿ ಗುರುತಿಸಿದ ನಕ್ಷೆಗೆ ಮಾತ್ರ ಅಗತ್ಯ.

ಸ್ಕ್ಯಾನರ್ ಇಲ್ಲದವರು ಮೊಬೈಲ್‌ನಲ್ಲಿ ಚಿತ್ರ ತೆಗೆಯಬಹುದು. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರವೊಂದು ಸಾಮಾನ್ಯವಾಗಿ 3ರಿಂದ 5 ಎಂಬಿ ಇರುತ್ತದೆ. ಅದರಲ್ಲಿ ಮೇಜು, ನೆಲ, ಹಾಳೆ ಹಿಡಿದ ಬೆರಳು ಇವೂ ಸೇರಿರುತ್ತವೆ. ಹಾಳೆಯ ಅಂಚಿನವರೆಗೆ ಕತ್ತರಿಸಿದರೆ ಗಾತ್ರ ಅಷ್ಟರಮಟ್ಟಿಗೆ ಇಳಿಯುತ್ತದೆ. ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ, ಫ್ಲ್ಯಾಷ್ ಬಳಸದೆ, ಹಾಳೆಗೆ ನೇರವಾಗಿ ಮೇಲಿನಿಂದ ತೆಗೆಯತಕ್ಕದ್ದು. ಲ್ಯಾಮಿನೇಟ್ ಮಾಡಿದ ದಾಖಲೆಯ ಮೇಲೆ ಫ್ಲ್ಯಾಷ್ ಬಿದ್ದರೆ ಆ ಭಾಗ ಬಿಳಿಯಾಗಿಬಿಡುತ್ತದೆ. 2017ರಲ್ಲಿ ಬಿಡುಗಡೆಯಾದ ಐಒಎಸ್ 11ರಿಂದ ಈಚೆಗೆ ಐಫೋನ್‌ಗಳು ಚಿತ್ರಗಳನ್ನು ಹೈಕ್ ಎಂಬ ರೂಪದಲ್ಲಿ ಉಳಿಸುತ್ತಿದ್ದು, ಅನೇಕ ಜಾಲತಾಣಗಳು ಅದನ್ನು ಸ್ವೀಕರಿಸುವುದಿಲ್ಲ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಹೆಚ್ಚು ಹೊಂದಾಣಿಕೆಯ ರೂಪವನ್ನು ಆಯ್ದುಕೊಂಡರೆ ಚಿತ್ರ ಜೆಪೆಗ್ ರೂಪದಲ್ಲಿ ಉಳಿಯುತ್ತದೆ. ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಬದಲಾಯಿಸಿ ಜೆಪೆಗ್ ಚಿತ್ರವನ್ನು ಪಿಡಿಎಫ್ ಎಂದು ಕರೆದ ಮಾತ್ರಕ್ಕೆ ಅದು ಪಿಡಿಎಫ್ ಆಗುವುದಿಲ್ಲ. ಸರ್ವರ್ ಕಡತದ ಮೊದಲ ಕೆಲವು ಬೈಟ್‌ಗಳನ್ನು ಓದಿ ನಿಜವಾದ ರೂಪವನ್ನು ಗುರುತಿಸಬಲ್ಲದು.

ಕುಗ್ಗಿಸುವಾಗ ವಹಿಸಬೇಕಾದ ಎಚ್ಚರಿಕೆ

ಅತಿಯಾಗಿ ಕುಗ್ಗಿಸಿದ ದಾಖಲೆ ಮಸುಕಾಗುತ್ತದೆ ಎಂಬುದು ಎಲ್ಲರಿಗೂ ಕಾಣುವ ಸಂಗತಿ. ಮಸುಕಾಗದೆಯೇ ತಪ್ಪಾಗುವ ಸಾಧ್ಯತೆಯೂ ಇದೆ. 2013ರ ಆಗಸ್ಟ್‌ನಲ್ಲಿ ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು ಜೆರಾಕ್ಸ್ ಸಂಸ್ಥೆಯ ಕೆಲವು ಮಾದರಿಯ ಯಂತ್ರಗಳಲ್ಲಿ ಇಂಥ ದೋಷವೊಂದನ್ನು ಬಹಿರಂಗಪಡಿಸಿದರು. ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ ಕೊಠಡಿಗಳ ವಿಸ್ತೀರ್ಣದ ಅಂಕಿಗಳೇ ಬದಲಾಗಿದ್ದವು, 21.11 ಚದರ ಮೀಟರ್ ಇದ್ದ ಕೊಠಡಿ 14.13 ಎಂದು ಮೂಡಿತ್ತು. ಗಾತ್ರ ಉಳಿಸಲು ಜೆಬಿಗ್2 ಎಂಬ ಸಂಕುಚನ ವಿಧಾನವು ಒಂದೇ ರೀತಿ ಕಾಣುವ ಅಕ್ಷರಭಾಗಗಳನ್ನು ಒಂದೇ ಎಂದು ಭಾವಿಸಿ, ಒಂದರ ಚಿತ್ರವನ್ನು ಇನ್ನೊಂದರ ಜಾಗದಲ್ಲಿ ಇರಿಸುತ್ತಿತ್ತು. ಬದಲಾದ ಅಂಕಿಗಳು ಪೂರ್ತಿ ಸ್ಪಷ್ಟವಾಗಿದ್ದುದರಿಂದ ನೋಡಿದವರಿಗೆ ಅನುಮಾನವೇ ಬರುವಂತಿರಲಿಲ್ಲ. ಸಂಸ್ಥೆಯು ಅನಂತರ ತಿದ್ದುಪಡಿಯ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಸ್ಕ್ಯಾನ್ ಮಾಡಿದ ಪ್ರತಿಯನ್ನು ಪರದೆಯ ಮೇಲೆ ದೊಡ್ಡದಾಗಿಸಿ, ಹೆಸರು, ಸರ್ವೆ ನಂಬರ್, ವಿಸ್ತೀರ್ಣ ಮತ್ತು ದಿನಾಂಕಗಳನ್ನು ಮೂಲದೊಂದಿಗೆ ಹೋಲಿಸಿ ನೋಡಲು ಎರಡು ನಿಮಿಷ ಸಾಕು. ಮೂಲ ದಾಖಲೆಯನ್ನು ನೋಡದ ಬೇರೊಬ್ಬರಿಂದ ಓದಿಸಿದರೆ ಇನ್ನೂ ಒಳ್ಳೆಯದು. ಮೂಲ ಗೊತ್ತಿರುವವರ ಕಣ್ಣು ಅಳಿಸಿದ್ದನ್ನೂ ಓದಿಕೊಳ್ಳುತ್ತದೆ.

ಡಿಜಿಟಲ್ ಸಹಿ ಇರುವ ಪ್ರಮಾಣಪತ್ರಗಳನ್ನು ಯಾವ ಕಾರಣಕ್ಕೂ ಕುಗ್ಗಿಸಕೂಡದು, ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಕೂಡದು. ಕಡತದಲ್ಲಿ ಸಹಿ ಮಾಡಲಾದ ಭಾಗದ ಒಂದು ಬೈಟ್ ಬದಲಾದರೂ ಸಹಿಯ ಪರಿಶೀಲನೆ ವಿಫಲವಾಗುತ್ತದೆ. ಡೌನ್‌ಲೋಡ್ ಆದ ಕಡತವನ್ನೇ ಇದ್ದಂತೆ ಲಗತ್ತಿಸಬೇಕು. ಡಿಜಿಲಾಕರ್‌ನಲ್ಲಿ ಇಲಾಖೆಗಳೇ ನೀಡಿದ ದಾಖಲೆಗಳಿಗೆ, 2016ರ ನಿಯಮಗಳಿಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಮೂಲ ದಾಖಲೆಯ ಸಮಾನ ಮಾನ್ಯತೆ ಇರುತ್ತದೆ. ಅರ್ಜಿದಾರರು ತಾವೇ ಸ್ಕ್ಯಾನ್ ಮಾಡಿ ಅಲ್ಲಿ ಇರಿಸಿದ ದಾಖಲೆಗಳಿಗೆ ಇದು ಅನ್ವಯಿಸದು.

ಇ-ಆಧಾರ್ ಪಿಡಿಎಫ್ ಗುಪ್ತಪದದಿಂದ ಮುಚ್ಚಿರುತ್ತದೆ. ಅದನ್ನು ಹಾಗೆಯೇ ಲಗತ್ತಿಸಿದರೆ ಅಪ್‌ಲೋಡ್ ಆಗಬಹುದಾದರೂ ಕಚೇರಿಯಲ್ಲಿ ತೆರೆಯಲಾಗದು. ಮುದ್ರಣದ ಆಯ್ಕೆಯಿಂದ ಹೊಸ ಪಿಡಿಎಫ್ ಆಗಿ ಉಳಿಸಿದರೆ ಗುಪ್ತಪದ ಹೋಗುತ್ತದೆ, ಜೊತೆಗೆ ಡಿಜಿಟಲ್ ಸಹಿಯೂ ಹೋಗುತ್ತದೆ. ಆ ಪ್ರತಿಗೆ ಸಾಧಾರಣ ನಕಲಿನಷ್ಟೇ ಬೆಲೆ. ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಆಧಾರ್ ಪ್ರತಿ ಸಾಕೆಂದು ನಮೂನೆಯಲ್ಲಿ ಹೇಳಿದ್ದಲ್ಲಿ ಅದನ್ನೇ ಲಗತ್ತಿಸತಕ್ಕದ್ದು.

ಪಿಡಿಎಫ್ ಅನ್ನು ಉಚಿತವಾಗಿ ಕುಗ್ಗಿಸಿಕೊಡುವುದಾಗಿ ಹೇಳುವ ಜಾಲತಾಣಗಳು ಅನೇಕ ಇವೆ. ಅವುಗಳಲ್ಲಿ ಹಲವು ಕಡತವನ್ನು ತಮ್ಮ ಸರ್ವರ್‌ಗೆ ತರಿಸಿಕೊಂಡು ಕುಗ್ಗಿಸುತ್ತವೆ. ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕ, ವೈದ್ಯಕೀಯ ವರದಿ, ಆಧಾರ್ ಇವನ್ನು ಅಪರಿಚಿತರ ಕೈಗೆ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಕಡಿಮೆ ಡಿಪಿಐನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡುವುದು ಸುರಕ್ಷಿತ ಮಾರ್ಗ, ಫಲಿತಾಂಶವೂ ಹೆಚ್ಚು ಸ್ಪಷ್ಟ.

ನಿಜವಾಗಿಯೂ ದೊಡ್ಡದಾಗಿರುವ ದಾಖಲೆಗಳು

ಬಡಾವಣೆ ನಕ್ಷೆ, ಕಟ್ಟಡದ ನಕ್ಷೆ, ನೂರಾರು ಪುಟಗಳ ಯೋಜನಾ ವರದಿ ಇವುಗಳನ್ನು ಒಂದು ಹಂತಕ್ಕಿಂತ ಕುಗ್ಗಿಸುವುದು ಸಾಧ್ಯವೂ ಅಲ್ಲ, ಸರಿಯೂ ಅಲ್ಲ. ಇಂಥ ಸೇವೆಗಳಿಗೆ ಕಡತವನ್ನು ತುಂಡುಗಳಾಗಿ ಕಳುಹಿಸುವ ವಿಧಾನ ಸೂಕ್ತ. ಬ್ರೌಸರ್ 20 ಎಂಬಿಯ ಕಡತವನ್ನು, ಉದಾಹರಣೆಗೆ, 1 ಎಂಬಿಯ 20 ತುಂಡುಗಳಾಗಿ ವಿಂಗಡಿಸಿ ಒಂದೊಂದಾಗಿ ಕಳುಹಿಸುತ್ತದೆ. ಸರ್ವರ್ ಅವನ್ನು ಕ್ರಮವಾಗಿ ಜೋಡಿಸುತ್ತದೆ. ಹದಿನೇಳನೆಯ ತುಂಡಿನಲ್ಲಿ ಸಂಪರ್ಕ ಕಡಿದರೆ ಮತ್ತೆ ಹದಿನೇಳರಿಂದಲೇ ಮುಂದುವರಿಯುತ್ತದೆ. ಟಸ್ ಎಂಬ ಮುಕ್ತ ನಿಯಮಾವಳಿ ಇದೇ ಉದ್ದೇಶದ್ದು. ಈ ಸೌಲಭ್ಯವಿರುವ ನಮೂನೆಗಳಲ್ಲಿ ಅಪ್‌ಲೋಡ್ ನಿಂತರೆ ಅದೇ ಗಣಕಯಂತ್ರದಲ್ಲಿ, ಅದೇ ಬ್ರೌಸರ್‌ನಲ್ಲಿ, ಅದೇ ಕಡತವನ್ನು ಮತ್ತೆ ಆಯ್ಕೆ ಮಾಡಬೇಕು. ನಡುವೆ ಕಡತವನ್ನು ತಿದ್ದಿದರೆ ಹಳೆಯ ತುಂಡುಗಳು ಹೊಂದಿಕೆಯಾಗವು. ಈ ಸೌಲಭ್ಯ ಇಲ್ಲದ ನಮೂನೆಗಳಲ್ಲಿ ವರದಿಯನ್ನು ಅಧ್ಯಾಯವಾರು ಬೇರೆ ಬೇರೆ ಪಿಡಿಎಫ್‌ಗಳಾಗಿ ವಿಂಗಡಿಸಿ, ಅವಕಾಶವಿರುವ ಲಗತ್ತು ಸ್ಥಾನಗಳಲ್ಲಿ ಸಲ್ಲಿಸಬಹುದು. ನಕ್ಷೆಯನ್ನು ಸ್ಕ್ಯಾನ್ ಮಾಡುವ ಬದಲು, ಅದನ್ನು ತಯಾರಿಸಿದ ತಂತ್ರಾಂಶದಿಂದಲೇ ಪಿಡಿಎಫ್ ಆಗಿ ಪಡೆದರೆ ಗೆರೆಗಳು ಚಿತ್ರವಾಗದೆ ಗೆರೆಗಳಾಗಿಯೇ ಉಳಿದು, ಗಾತ್ರ ಬಹುಪಾಲು ಸಂದರ್ಭಗಳಲ್ಲಿ ಕಡಿಮೆಯಾಗುತ್ತದೆ.

ಅರ್ಜಿ ಸಲ್ಲಿಕೆಯಾದುದು ಯಾವಾಗ

ಪರದೆಯ ಮೇಲೆ ಪ್ರಗತಿಪಟ್ಟಿ ಶೇ. 100 ತೋರಿಸಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾದಂತಲ್ಲ. ಸಾಮಾನ್ಯವಾಗಿ ಆ ಪಟ್ಟಿ ಅಳೆಯುವುದು ಅರ್ಜಿದಾರರ ಯಂತ್ರದಿಂದ ಹೊರಟ ಬೈಟ್‌ಗಳನ್ನು. ಅನಂತರ ಸರ್ವರ್‌ನಲ್ಲಿ ಕಡತದ ರೂಪದ ಪರಿಶೀಲನೆ, ವೈರಸ್ ತಪಾಸಣೆ ಮತ್ತು ಸಂಗ್ರಹಣೆ ನಡೆಯಬೇಕು. ಈ ಹಂತದಲ್ಲಿ ಪುಟವನ್ನು ಮುಚ್ಚುವುದು, ಹಿಂದಿನ ಪುಟಕ್ಕೆ ಹೋಗುವುದು ಅಥವಾ ಸಲ್ಲಿಸುವ ಗುಂಡಿಯನ್ನು ಮತ್ತೆ ಒತ್ತುವುದು ಕೂಡದು.

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣದ ಪ್ರಕಾರ, ವಿದ್ಯುನ್ಮಾನ ದಾಖಲೆಗಳನ್ನು ಸ್ವೀಕರಿಸಲು ಗಣಕ ವ್ಯವಸ್ಥೆಯೊಂದನ್ನು ಗೊತ್ತುಪಡಿಸಿದ್ದಲ್ಲಿ, ಬೇರೆ ಒಪ್ಪಂದ ಇಲ್ಲದಿದ್ದರೆ, ದಾಖಲೆಯು ಆ ವ್ಯವಸ್ಥೆಯನ್ನು ಪ್ರವೇಶಿಸಿದ ಸಮಯವೇ ಸ್ವೀಕೃತಿಯ ಸಮಯ. ಅರ್ಜಿದಾರರು ಕಳುಹಿಸಲು ಆರಂಭಿಸಿದ ಸಮಯವಲ್ಲ. ಕೊನೆಯ ದಿನ ರಾತ್ರಿ 11 ಗಂಟೆ 55 ನಿಮಿಷಕ್ಕೆ ಆರಂಭವಾಗಿ 12 ಗಂಟೆ 1 ನಿಮಿಷಕ್ಕೆ ತಲುಪಿದ ಕಡತ ಮರುದಿನದ್ದಾಗುತ್ತದೆ. ಐದು ನಿಮಿಷದ ಕಡತಕ್ಕೂ ಹತ್ತು ಸೆಕೆಂಡಿನ ಕಡತಕ್ಕೂ ಇರುವ ವ್ಯತ್ಯಾಸ ಇಲ್ಲಿ ಎದ್ದು ಕಾಣುತ್ತದೆ.

ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಲ್ಲಿ ಅರ್ಜಿದಾರರಿಗೆ 15 ಅಂಕಿಗಳ ಸಕಾಲ ಸ್ವೀಕೃತಿ ಸಂಖ್ಯೆ ದೊರೆಯುತ್ತದೆ. ಅರ್ಜಿಯ ಸ್ಥಿತಿಗತಿ ತಿಳಿಯಲು ಮತ್ತು ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಈ ಸಂಖ್ಯೆಯೇ ಆಧಾರ. ಸಂಖ್ಯೆ ಬಾರದಿದ್ದಲ್ಲಿ ಅರ್ಜಿ ಕರಡು ಸ್ಥಿತಿಯಲ್ಲಿ ಉಳಿದಿರಬಹುದು. ಲಾಗಿನ್ ಆಗಿ ಪರಿಶೀಲಿಸತಕ್ಕದ್ದು. ಸಂಖ್ಯೆ ಬಂದ ಮೇಲೆ ಲಗತ್ತುಗಳನ್ನು ಅಲ್ಲಿಂದಲೇ ತೆರೆದು ನೋಡುವ ಅವಕಾಶವಿದ್ದರೆ ಅದನ್ನು ಬಳಸಿಕೊಳ್ಳುವುದು ಒಳಿತು.

ದೋಷ ಸಂದೇಶ ಬಂದಾಗ

ಸಂದೇಶದಲ್ಲಿ 413 ಎಂಬ ಸಂಖ್ಯೆ ಇದ್ದರೆ ಕಳುಹಿಸಿದ ಮೂಟೆ ಮಿತಿಗಿಂತ ದೊಡ್ಡದೆಂದು ಅರ್ಥ. ಎಷ್ಟು ಸಲ ಪ್ರಯತ್ನಿಸಿದರೂ ಅದೇ ಉತ್ತರ ಬರುವುದರಿಂದ ಗಾತ್ರ ಇಳಿಸದೆ ಬೇರೆ ದಾರಿಯಿಲ್ಲ. 408 ಅಥವಾ 504 ಎಂದಿದ್ದರೆ ಕಾಲಮಿತಿ ಮೀರಿದೆ. ಸ್ವಲ್ಪ ಸಮಯ ಬಿಟ್ಟು ಪ್ರಯತ್ನಿಸಬಹುದು, ಆದರೆ 504ರ ಸಂದರ್ಭದಲ್ಲಿ ಅರ್ಜಿ ಈಗಾಗಲೇ ತಲುಪಿರುವ ಸಾಧ್ಯತೆಯೂ ಇರುವುದರಿಂದ ಮೊದಲು ಅರ್ಜಿಯ ಸ್ಥಿತಿಯನ್ನು ನೋಡತಕ್ಕದ್ದು. 503 ಎಂದಿದ್ದರೆ ತೊಂದರೆ ಸರ್ವರ್‌ನದು, ಕಡತದ್ದಲ್ಲ.

ಕೊನೆಯ ದಿನಾಂಕ ಹತ್ತಿರವಿದ್ದು ಅಪ್‌ಲೋಡ್ ಪದೇ ಪದೇ ವಿಫಲವಾದಲ್ಲಿ, ದಿನಾಂಕ ಮತ್ತು ಸಮಯ ಕಾಣುವಂತೆ ದೋಷ ಸಂದೇಶದ ಪರದೆಚಿತ್ರವನ್ನು ತೆಗೆದಿಟ್ಟುಕೊಂಡು, ಅದೇ ದಿನ ಇಲಾಖೆಯ ಸಂಬಂಧಪಟ್ಟ ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಸದರಿ ಸೇವೆ ಲಭ್ಯವಿರುವ ಗ್ರಾಮ ಒನ್, ಕರ್ನಾಟಕ ಒನ್ ಮೊದಲಾದ ಕೇಂದ್ರಗಳಲ್ಲಿ ಮೂಲ ದಾಖಲೆಗಳನ್ನು ತೋರಿಸಿ ಅಲ್ಲಿಯೇ ಸ್ಕ್ಯಾನ್ ಮಾಡಿಸಿ ಅರ್ಜಿ ಸಲ್ಲಿಸಬಹುದು. ಹಾಗೆ ಸಲ್ಲಿಸುವಾಗ ಸ್ಕ್ಯಾನ್ ಆದ ಪ್ರತಿಯನ್ನು ಪರದೆಯ ಮೇಲೆ ತೋರಿಸುವಂತೆ ಕೇಳಿ ನೋಡಿ, ಸ್ವೀಕೃತಿ ಪತ್ರವನ್ನು ಪಡೆದು, ಮೂಲ ದಾಖಲೆಗಳನ್ನು ಎಣಿಸಿ ಹಿಂದಕ್ಕೆ ಪಡೆಯತಕ್ಕದ್ದು.